ಗೋಡೆ ಆಚೆ ಪ್ರಜ್ಞಾನ್, ಈಚೆ ಕಂಟ್ರೋಲ್ ರೂಮ್: ನಾಲ್ಕನೇ ತರಗತಿಯ ಇಂಗ್ಲಿಷ್, ನನ್ನ ಅನುಭವ

ಬಾಹ್ಯಾಕಾಶದ ವಿಷಯ ಇಟ್ಟುಕೊಂಡು ನಾಲ್ಕು, ಐದನೇ ತರಗತಿಗೆ ಇಂಗ್ಲಿಷ್ ಕಲಿಸುತ್ತೇನೆ ಅಂದಾಗ ನಮ್ಮ ಸುತ್ತಲಿನ ಶಾಲೆಗಳ ಕ್ಲಸ್ಟರಿನಲ್ಲಿ ಯಾರೂ ಒಪ್ಪಲಿಲ್ಲ. ‘ಮೊದಲು ಸ್ಪೆಲ್ಲಿಂಗ್ ಸರಿಯಾಗಿ ಬರೆಸಿ ಸಾರ್, ಚಂದ್ರಲೋಕ ಆಮೇಲೆ’ ಅಂದರು ಹಿರಿಯ ಮೇಷ್ಟ್ರೊಬ್ಬರು. ಅದೇ ಮೇಷ್ಟ್ರು ಈಚೆಗೆ ಫೋನ್ ಮಾಡಿ, ‘ಮಕ್ಕಳು ಇಂಗ್ಲಿಷ್ ಮಾತಾಡುವ ಆ ಪೈಪು ಎಷ್ಟು ಉದ್ದ ಇರಬೇಕು?’ ಅಂತ ಕೇಳಿದರು. ಬೇರೆಯವರೂ ಕೇಳುತ್ತಿದ್ದಾರೆ. ಎಲ್ಲರಿಗೂ ಒಂದೇ ಸಲ ಹೇಳಿಬಿಡೋಣ ಅಂತ ಬರೆಯುತ್ತಿದ್ದೇನೆ.

ನಮ್ಮದು ಚಳ್ಳಕೆರೆ ತಾಲ್ಲೂಕಿನ ಒಂದು ಸರ್ಕಾರಿ ಶಾಲೆ. ಮಕ್ಕಳ ಮನೆಗಳಲ್ಲಿ ಶೇಂಗಾ ಬೆಳೆಯುತ್ತಾರೆ, ಕುರಿ ಸಾಕುತ್ತಾರೆ, ಕೂಲಿಗೆ ಹೋಗುತ್ತಾರೆ. ಕೆಲವು ಮನೆಗಳಲ್ಲಿ ತೆಲುಗು ಮಾತು. ಅಂಥವರಿಗೆ ಇಂಗ್ಲಿಷ್ ಮೂರನೇ ಭಾಷೆ. ಮೂರನೇ ತರಗತಿವರೆಗಿನ ಚಟುವಟಿಕೆ ಪಾಠ ನಲಿ-ಕಲಿ ಮುಗಿಸಿ ಬಂದವರ ಹತ್ತಿರ ಪದಗಳು ಬೇಕಾದಷ್ಟು ಇರುತ್ತವೆ. ವಾಕ್ಯ ಮಾತ್ರ ಬಾಯಿಂದ ಹೊರಗೆ ಬರುವುದಿಲ್ಲ. ಇದು ನಿಮಗೆಲ್ಲ ಗೊತ್ತಿರುವುದೇ, ಬಿಡಿ.

ಬಾಹ್ಯಾಕಾಶವೇ ಯಾಕೆ? ನಮ್ಮ ಮಕ್ಕಳಿಗೆ ಅದು ದೂರದ್ದಲ್ಲ, ಪಕ್ಕದ ಬಯಲಿನದು. ವಿಜ್ಞಾನ ಸಂಸ್ಥೆಗಳಿರುವ ಕುದಾಪುರ, ಉಳ್ಳಾರ್ತಿ ಕಾವಲು ಅಂದರೆ ಎಲ್ಲರಿಗೂ ಗೊತ್ತು. ಚಂದ್ರಯಾನ-2ರ ಲ್ಯಾಂಡರ್ ಸೆನ್ಸರ್‌ಗಳನ್ನು ಪರೀಕ್ಷೆ ಮಾಡಲು ಇಸ್ರೊದವರು ಚಂದ್ರನ ಮೇಲಿನ ಗುಂಡಿಗಳಂಥವನ್ನೇ ತೋಡಿದ್ದು ಚಳ್ಳಕೆರೆಯಲ್ಲಿ. ಮತ್ತೆ ಮತ್ತೆ ಬಳಸಬಹುದಾದ ರಾಕೆಟ್ಟಿಗಾಗಿ ಇಸ್ರೊ ಮಾಡಿದ ರೆಕ್ಕೆಯಿರುವ ವಾಹನ ಪುಷ್ಪಕ್ ಇಳಿದದ್ದೂ ನಮ್ಮ ಚಿತ್ರದುರ್ಗ ಜಿಲ್ಲೆಯಲ್ಲೇ: 2023ರ ಏಪ್ರಿಲ್ 2, 2024ರ ಮಾರ್ಚ್ 22, ಮತ್ತೆ ಅದೇ ವರ್ಷ ಜೂನ್ 23. ಚಿನೂಕ್ ಹೆಲಿಕಾಪ್ಟರ್ ಅದನ್ನು ನಾಲ್ಕೂವರೆ ಕಿಲೋಮೀಟರ್ ಎತ್ತರಕ್ಕೆ ಒಯ್ದು ಬಿಡುತ್ತಿತ್ತು, ಅದು ತಾನೇ ದಾರಿ ಹಿಡಿದು ರನ್‌ವೇ ಮೇಲೆ ಇಳಿಯುತ್ತಿತ್ತು. ‘ಎರಡು ಫ್ಯಾನಿನ ಹೆಲಿಕಾಪ್ಟರ್ ನೋಡ್ದೆ ಸಾ’ ಅಂತ ಒಬ್ಬ ಹುಡುಗ ಓಡಿ ಬಂದು ಹೇಳಿದ್ದ. ಮಕ್ಕಳು ತಾವಾಗಿ ಓಡಿ ಬಂದು ಹೇಳುವಂಥ ವಿಷಯ ನಮ್ಮ ಪಾಠಗಳಲ್ಲಿ ಎಷ್ಟಿವೆ ಹೇಳಿ?

ದಾರಿ ಕಾಣಿಸಿದ್ದು 2023ರ ಆಗಸ್ಟ್ 23ರ ಸಂಜೆ. 6 ಗಂಟೆ 4 ನಿಮಿಷಕ್ಕೆ ಚಂದ್ರಯಾನ-3ರ ಲ್ಯಾಂಡರ್ ವಿಕ್ರಂ, ಹೊಟ್ಟೆಯಲ್ಲಿ ಪ್ರಜ್ಞಾನ್ ಅನ್ನುವ ಪುಟ್ಟ ಗಾಡಿ ಇಟ್ಟುಕೊಂಡು ಚಂದ್ರನ ಮೇಲೆ ಇಳಿಯಿತು. ಆಗ ಇಸ್ರೊ ಅಧ್ಯಕ್ಷರಾಗಿದ್ದ ಸೋಮನಾಥ್ ಹೇಳಿದ ಮಾತು ನೆನಪಿದೆಯಲ್ವಾ? ‘ಇಂಡಿಯಾ ಈಸ್ ಆನ್ ದ ಮೂನ್.’ ಅಷ್ಟು ದೊಡ್ಡ ಸುದ್ದಿ, ಐದೇ ಪದ. ಅದರಲ್ಲಿ ನಮ್ಮ ಮೂರನೇ ತರಗತಿ ಮಕ್ಕಳಿಗೆ ಗೊತ್ತಿಲ್ಲದ ಪದ ಒಂದೂ ಇಲ್ಲ. ಮರುದಿನ ಅದನ್ನೇ ಬೋರ್ಡಿನ ಮೇಲೆ ಬರೆದೆ. ವಿಕ್ರಂ ಈಸ್ ಆನ್ ದ ಮೂನ್. ಪ್ರಜ್ಞಾನ್ ಈಸ್ ಇನ್ ವಿಕ್ರಂ. ಪ್ರಜ್ಞಾನ್ ಈಸ್ ಔಟ್. ‘ಇನ್’, ‘ಆನ್’ ಎರಡೂ ಒಂದೇ ಪೀರಿಯಡ್‌ನಲ್ಲಿ ಮುಗಿದವು. ಡಬ್ಬಿ, ಟೇಬಲ್, ಪೆನ್ಸಿಲ್ ಇಟ್ಟುಕೊಂಡು ಎರಡು ವಾರ ಹೆಣಗುತ್ತಿದ್ದ ಪಾಠ ಅದು.

ಆ ಮೇಲೆ ಹುರುಪಿನಲ್ಲಿ ದುಡ್ಡು ಸುರಿದೆ. ಗ್ರಹಗಳ ಫ್ಲೆಕ್ಸ್ ಹೊಡೆಸಿದ್ದು ಸುಮಾರು 700 ರೂಪಾಯಿ. ಮಕ್ಕಳು ಎರಡೇ ದಿನದಲ್ಲಿ ಮರ್ಕ್ಯುರಿ, ವೀನಸ್, ಅರ್ತ್ ಅಂತ ಮಗ್ಗಿ ಒಪ್ಪಿಸಿದಂತೆ ಒಪ್ಪಿಸಿದರು. ಅಷ್ಟೇ. ಒಂದು ವಾಕ್ಯ ಹುಟ್ಟಲಿಲ್ಲ. ಥರ್ಮಾಕೋಲ್ ಗ್ರಹಗಳಿಗೆ ಬಣ್ಣ, ತಂತಿ ಎಲ್ಲ ಸೇರಿ ಸಾವಿರದ ಇನ್ನೂರರ ಹತ್ತಿರ ಹೋಯಿತು. ದಸರಾ ರಜೆಯಲ್ಲಿ ಇಲಿಗಳು ಶನಿಯ ಬಳೆಯನ್ನೂ ಗುರುಗ್ರಹದ ಅರ್ಧವನ್ನೂ ತಿಂದಿದ್ದವು. ಕತ್ತಲಲ್ಲಿ ಹೊಳೆಯುವ ನಕ್ಷತ್ರದ ಸ್ಟಿಕ್ಕರ್ ತರಿಸಿದೆ, 350 ಇರಬೇಕು. ನಮ್ಮ ಕೋಣೆ ಹಗಲು ಕತ್ತಲಾಗುವುದೇ ಇಲ್ಲ. ಬಾಡಿಗೆ ಪ್ರೊಜೆಕ್ಟರ್ ತಂದ ದಿನ ಕರೆಂಟು ಹೋಯಿತು. ಇನ್ನೊಂದು ದಿನ ಕರೆಂಟು ಇತ್ತು, ವಿಡಿಯೊ ಓಡಿತು, ಮಕ್ಕಳು ಬಾಯಿ ತೆರೆದು ನೋಡಿದರು. ನನಗೆ ಬೇಕಾಗಿದ್ದು ಬಾಯಿ ತೆರೆದು ಮಾತಾಡುವುದು. ಆ ವರ್ಷ ಕೈಯಿಂದ ನಾಲ್ಕೈದು ಸಾವಿರ ಹೋಗಿದೆ. ಶಾಲಾ ಅನುದಾನದಿಂದ ಒಂದು ಪೈಸೆ ಮುಟ್ಟಲಿಲ್ಲ.

ಕಾರಣ ನಿಧಾನಕ್ಕೆ ತಿಳಿಯಿತು. ನೋಡುವ ವಸ್ತು ಎಷ್ಟು ಚೆಂದ ಇದ್ದರೂ ಮಗು ಮಾತಾಡುವುದಿಲ್ಲ. ಮಾತಾಡದಿದ್ದರೆ ಕೆಲಸ ಆಗುವುದಿಲ್ಲ ಅನ್ನುವ ಪರಿಸ್ಥಿತಿ ಬರಬೇಕು. ಎದುರುಬದುರು ನಿಂತ ಮಕ್ಕಳು ಕೈಸನ್ನೆಯಲ್ಲಿ ತೋರಿಸಿಬಿಡುತ್ತಾರೆ, ಇಲ್ಲಾ ಕನ್ನಡದಲ್ಲಿ ಪಿಸುಗುಟ್ಟುತ್ತಾರೆ. ಹಾಗಾಗಿ ಇಬ್ಬರ ನಡುವೆ ಗೋಡೆ ಬೇಕು.

ಗೋಡೆಗೆ ಕಥೆ ಕೊಟ್ಟದ್ದು ಪ್ರಜ್ಞಾನ್. ಅದೇ ಆಗಸ್ಟ್ 27ರಂದು ಅದರ ಮುಂದೆ ನಾಲ್ಕು ಮೀಟರ್ ಅಗಲದ ಗುಂಡಿ ಸಿಕ್ಕಿತು. ಮೂರು ಮೀಟರ್ ದೂರದಲ್ಲೇ ಅದನ್ನು ಕಂಡು, ಬಂದ ದಾರಿಯಲ್ಲಿ ವಾಪಸ್ ಹೋಗು ಅಂತ ಇಲ್ಲಿಂದ ಆಜ್ಞೆ ಹೋಯಿತು. ನಮ್ಮ ಆಟ ಅಷ್ಟೇ. ಅಂಗಳದಲ್ಲಿ ಸುಣ್ಣದಿಂದ ಚೌಕ ಮನೆಗಳು. ಅಲ್ಲಲ್ಲಿ ಸೈಕಲ್ ಶಾಪಿನವರು ಬಿಸಾಕಿದ ಹಳೇ ಟೈರು, ಅವೇ ಕ್ರೇಟರ್. ಒಂದು ಮಗು ಪ್ರಜ್ಞಾನ್ ಆಗಿ ಅಂಗಳದಲ್ಲಿ. ಇನ್ನೊಂದು ಮಗು ಕೋಣೆಯೊಳಗೆ, ಕೈಯಲ್ಲಿ ನಕ್ಷೆ. ನಕ್ಷೆಯಲ್ಲಿ ಹೋಗಬೇಕಾದ ಕಲ್ಲು ಎಲ್ಲಿದೆ ಅಂತ ಇದೆ, ಗುಂಡಿಗಳು ಇಲ್ಲ. ಅಂಗಳದ ಮಗುವಿಗೆ ಗುಂಡಿ ಕಾಣುತ್ತವೆ, ಯಾವ ಕಲ್ಲು ಅಂತ ಗೊತ್ತಿಲ್ಲ. ಇಬ್ಬರೂ ಹೇಳಬೇಕು, ಇಬ್ಬರೂ ಕೇಳಬೇಕು. ಒಬ್ಬನಿಗೇ ಎಲ್ಲ ಗೊತ್ತಿದ್ದರೆ ಈ ಆಟ ಸತ್ತುಹೋಗುತ್ತದೆ, ನಕ್ಷೆ ಬರೆಯುವಾಗ ಇದೊಂದು ನೋಡಿಕೊಳ್ಳಿ.

ಮಾತು ಮುಟ್ಟಿಸುವುದು ಹೇಗೆ? ಮೊದಲು ಆಟಿಕೆ ವಾಕಿಟಾಕಿ ತರಿಸಿದೆ, ಸಾವಿರದ ಎಂಟುನೂರೋ ಏನೋ. ಬರೀ ಗರಗರ ಸದ್ದು. ಬ್ಯಾಟರಿ ವಾರಕ್ಕೊಂದು ಜೊತೆ ನುಂಗಿತು. ಮಕ್ಕಳಿಗೆ ಬಟನ್ ಒತ್ತುವುದೇ ಆಟವಾಯಿತು. ಮೊಬೈಲ್ ಬೇಡ ಅಂತ ಮೊದಲೇ ತೀರ್ಮಾನ ಮಾಡಿದ್ದೆ. ಕೊನೆಗೆ ಕೈಹಿಡಿದಿದ್ದು ಕೆಟ್ಟ ಬೋರ್‌ವೆಲ್‌ನ ಹಳೇ ಕಪ್ಪು ಪೈಪು. ಶಾಲೆಯ ಮೇಲುಸ್ತುವಾರಿ ಸಮಿತಿ (ಎಸ್‌ಡಿಎಂಸಿ) ಸದಸ್ಯರೊಬ್ಬರು ಸುಮ್ನೆ ಕೊಟ್ಟರು. ಚಳ್ಳಕೆರೆ ಪೇಟೆಯಲ್ಲಿ ಎಣ್ಣೆ ಹಾಕುವ ಪ್ಲಾಸ್ಟಿಕ್ ಲಾಳಿಕೆ ಎರಡು, ತಲಾ ಇಪ್ಪತ್ತೋ ಇಪ್ಪತ್ತೈದೋ. ಎರಡೂ ತುದಿಗೆ ಸಿಕ್ಕಿಸಿ ಕಿಟಕಿಯಿಂದ ಹಾಯಿಸಿದೆ. ಹದಿನೈದು ಮೀಟರ್ ಆಸುಪಾಸು ಉದ್ದ. ಒಂದಿಂಚಿನ ಪೈಪು ಸಾಕು, ಆದರೆ ಎಲ್ಲೂ ಚೂಪಾಗಿ ಮಡಚಿರಬಾರದು. ಬಿಸಿಲಿಗೆ ಬಿಟ್ಟರೆ ಮುಟ್ಟಲು ಆಗದಷ್ಟು ಕಾಯುತ್ತದೆ, ಅದಕ್ಕೆ ಬೆಳಗಿನ ಮೊದಲ ಪೀರಿಯಡ್ ಇಟ್ಟುಕೊಳ್ಳಿ.

ಈಗ ಮುಖ್ಯ ವಿಷಯ. ಪೈಪು ಬಂದ ಮೇಲೂ ಮಾತಾಡುತ್ತಿದ್ದದ್ದು ಚುರುಕು ಮಕ್ಕಳೇ. ನಿಧಾನದವರು ವಾಕ್ಯ ಜೋಡಿಸುವಷ್ಟರಲ್ಲಿ ಹಿಂದಿನಿಂದ ಯಾರಾದರೂ ಉತ್ತರ ಕೂಗಿಬಿಡುತ್ತಿದ್ದರು. ನಾನು ಬಯ್ದರೂ ನಿಲ್ಲಲಿಲ್ಲ. ಅದನ್ನು ನಿಲ್ಲಿಸಿದ್ದು ಚಂದ್ರನ ದೂರ. ಸುಮಾರು 3,84,000 ಕಿಲೋಮೀಟರ್ ಅಲ್ವಾ? ರೇಡಿಯೊ ಸಂದೇಶ ಸೆಕೆಂಡಿಗೆ 3 ಲಕ್ಷ ಕಿಲೋಮೀಟರ್ ಹೋಗುತ್ತದೆ. ಹೋಗಿ ಬರಲು ಎರಡೂವರೆ ಸೆಕೆಂಡು. ಅದನ್ನೇ ನಿಯಮ ಮಾಡಿದೆ: ಮಾತು ಕೇಳಿದ ಮೇಲೆ ಬೆರಳಲ್ಲಿ ಮೂರು ಎಣಿಸಬೇಕು, ಆಮೇಲೆಯೇ ಉತ್ತರ. ಎಣಿಸದೆ ಕೂಗಿದರೆ ಸಂದೇಶ ಚಂದ್ರನಿಗೆ ಮುಟ್ಟಿಲ್ಲ ಅಂತ ಲೆಕ್ಕ, ಆ ಸರದಿ ಹೋಯಿತು.

ಈ ಮೂರು ಎಣಿಕೆಯೇ ಎಲ್ಲ ಬದಲಾಯಿಸಿತು. ಚುರುಕು ಮಕ್ಕಳು ಕಾಯಲು ಕಲಿತರು. ನಿಧಾನದವರಿಗೆ ಯೋಚಿಸಲು ಜಾಗ ಸಿಕ್ಕಿತು. ಯಾರಿಗೂ ಅವಮಾನ ಇಲ್ಲ, ಯಾಕಂದರೆ ಕಾಯುವುದು ಚಂದ್ರನ ನಿಯಮ, ಮೇಷ್ಟ್ರದ್ದಲ್ಲ. ಒಂದೂ ಮಾತಾಡದೆ ಮೂಲೆಯಲ್ಲಿ ಕೂರುತ್ತಿದ್ದ ಹುಡುಗಿ ಎಣಿಸಿ ಎಣಿಸಿ, ‘ದೇರ್ ಈಸ್ ಎ ಕ್ರೇಟರ್. ಐ ಗೋ ಲೆಫ್ಟ್?’ ಅಂದಳು. ನನಗೆ ಅಷ್ಟು ಸಾಕಾಗಿತ್ತು.

ನಮ್ಮ ತರಗತಿ ಇಪ್ಪತ್ತನಾಲ್ಕು ಮಕ್ಕಳದ್ದು. ಮೊದಲು ಐದಾರು ಜನ ಬಾಯಿ ಬಿಡುತ್ತಿದ್ದರು. ವರ್ಷದ ಕೊನೆಗೆ ಹದಿನೆಂಟೋ ಇಪ್ಪತ್ತೋ ಜನ ಪೈಪಿನಲ್ಲಿ ನಾಲ್ಕೈದು ವಾಕ್ಯ ಸಲೀಸಾಗಿ ಆಡುತ್ತಿದ್ದರು. ಒಮ್ಮೆ ಕ್ಲಸ್ಟರಿನ ಶಾಲೆಗಳನ್ನು ನೋಡಿಕೊಳ್ಳುವ ಸಿಆರ್‌ಪಿ ಬಂದು ಒಬ್ಬ ಹುಡುಗನಿಗೆ ಇಂಗ್ಲಿಷಿನಲ್ಲಿ ಏನೋ ಕೇಳಿದರು. ಅವನಿಗೆ ಅರ್ಥವಾಗಲಿಲ್ಲ. ಮೊದಲಾಗಿದ್ದರೆ ತಲೆ ತಗ್ಗಿಸುತ್ತಿದ್ದ. ಈಗ, ‘ರಿಪೀಟ್ ಪ್ಲೀಸ್ ಸರ್’ ಅಂದ. ಅವರು ಬೆರಗಾಗಿ ನನ್ನ ಮುಖ ನೋಡಿದರು. ಅರ್ಥವಾಗದಾಗ ಮತ್ತೆ ಕೇಳುವ ಧೈರ್ಯ ಬಂತಲ್ಲ, ಯಾವ ವ್ಯಾಕರಣಕ್ಕಿಂತಲೂ ಅದು ದೊಡ್ಡದು ಅಂತ ನನ್ನ ನಂಬಿಕೆ.

ಕೊನೆಗೂ ಉಳಿಯುವ ಇಬ್ಬರು ಮೂವರು ಇರುತ್ತಾರಲ್ಲ, ಅವರನ್ನು ಮಾತಾಡಿಸಲು ನನ್ನ ಹತ್ತಿರ ಒಂದು ಚೀಟಿ ಉಪಾಯ ಇದೆ. ಅದನ್ನು ಇಲ್ಲಿ ಬರೆಯುವುದಿಲ್ಲ. ಕಲಿಕೋಪಕರಣ ಪ್ರದರ್ಶನಕ್ಕೆ ಇಡಬೇಕು ಅಂತಿದ್ದೇನೆ. ಅಲ್ಲೇ ನೋಡುವಿರಂತೆ.

ಸ್ಪೆಲ್ಲಿಂಗ್ ಬಗ್ಗೆ ಕೇಳುವವರಿಗೆ: ಕಂಟ್ರೋಲ್ ರೂಮಿನಲ್ಲಿ ಒಬ್ಬರು ಲಾಗ್ ಪುಸ್ತಕ ಬರೆಯಲೇಬೇಕು. ಗಂಟೆ, ಯಾರು, ಏನು ಹೇಳಿದರು. ಮೊದಲ ಒಂದು ತಿಂಗಳು ಇಂಗ್ಲಿಷ್ ವಾಕ್ಯದ ನಡುವೆ ಗೊತ್ತಿಲ್ಲದ ಪದವನ್ನು ಕನ್ನಡ ಅಕ್ಷರದಲ್ಲೇ ಬರೆಯಲು ಬಿಟ್ಟೆ. ಇದಕ್ಕೆ ತುಂಬಾ ಜನ ಮುಖ ಸಿಂಡರಿಸಿದರು. ಆದರೆ ಅದೇ ಪದ ದಿನಾ ಬಂದಾಗ ಮಕ್ಕಳೇ ಗೋಡೆಯ ಪಟ್ಟಿ ನೋಡಿ ತಿದ್ದಿಕೊಂಡರು. ‘ಕ್ರೇಟರ್’ ಸ್ಪೆಲ್ಲಿಂಗ್ ಈಗ ನಮ್ಮಲ್ಲಿ ಯಾರೂ ತಪ್ಪುವುದಿಲ್ಲ.

ನಡುವೆ ಮಾಡಿದ ಬೇರೆ ಪ್ರಯೋಗಗಳನ್ನೂ ಹೇಳುತ್ತೇನೆ. ಪ್ರಜ್ಞಾನ್ ತೂಕ 26 ಕೆಜಿ. ಅಂಗನವಾಡಿಯ ತೂಕದ ಯಂತ್ರ ತಂದು ಎಲ್ಲರನ್ನೂ ನಿಲ್ಲಿಸಿದೆ. ನಾಲ್ಕನೇ ತರಗತಿಯ ಮಕ್ಕಳೂ ಹೆಚ್ಚುಕಮ್ಮಿ ಅಷ್ಟೇ. ‘ಪ್ರಜ್ಞಾನ್ ಈಸ್ ಟ್ವೆಂಟಿ ಸಿಕ್ಸ್ ಕೆಜಿ. ಐ ಆಮ್ ಟ್ವೆಂಟಿ ಫೋರ್ ಕೆಜಿ.’ ಅಲ್ಲಿಂದ ಹೆವಿಯರ್, ಲೈಟರ್ ತಾನಾಗಿ ಬಂದವು. ಚಂದ್ರನ ಮೇಲೆ ತೂಕ ಆರನೇ ಒಂದು ಭಾಗ ಅಂದಾಗ ಕುರಿ ಕಾಯುವ ಮನೆಯ ಹುಡುಗ ಲೆಕ್ಕ ಹಾಕಿ, ‘ಮೈ ಶೀಪ್ ಈಸ್ ಥರ್ಟಿ ಕೆಜಿ. ಆನ್ ದ ಮೂನ್, ಫೈವ್ ಕೆಜಿ’ ಅಂದ. ನಾನು ಹೇಳಿಕೊಟ್ಟ ವಾಕ್ಯ ಅಲ್ಲ ಅದು.

ವಯಸ್ಸಿನ ಲೆಕ್ಕವೂ ಚೆನ್ನಾಗಿ ನಡೆಯಿತು. ಮಂಗಳದ ವರ್ಷ 687 ದಿನ, ಬುಧನದ್ದು 88. ಒಂಬತ್ತು ವರ್ಷದ ಮಗುವಿಗೆ ಮಂಗಳದಲ್ಲಿ ಇನ್ನೂ ಐದು ತುಂಬಿಲ್ಲ. ಬುಧನಲ್ಲಿ ಮೂವತ್ತೇಳು. ‘ಐ ಆಮ್ ಥರ್ಟಿ ಸೆವೆನ್ ಇಯರ್ಸ್ ಓಲ್ಡ್ ಆನ್ ಮರ್ಕ್ಯುರಿ’ ಅಂತ ಮನೆಗೆಲ್ಲ ಹೇಳಿಕೊಂಡು ತಿರುಗಿದರು.

ದಾವಣಗೆರೆಯ ಮಂಡಕ್ಕಿ ಭಟ್ಟಿಯಿಂದ ಸ್ನೇಹಿತರೊಬ್ಬರು ಒಂದು ಚೀಲ ಬೂದಿ ತಂದುಕೊಟ್ಟರು. ಬಾಂಡಲಿಯಲ್ಲಿ ಬೂದಿ ಹರಡಿ, ಮೇಲೆ ಕೆಂಪು ರಂಗೋಲಿ ಪುಡಿ ಉದುರಿಸಿ ಗೋಲಿ ಬೀಳಿಸಿದರೆ ಅಸಲಿ ಕ್ರೇಟರ್ ಥರವೇ ಕಾಣುತ್ತದೆ. ಮೊಣಕಾಲಿನಿಂದ, ಸೊಂಟದಿಂದ, ತಲೆಯ ಮೇಲಿಂದ. ‘ಐ ಡ್ರಾಪ್ಡ್ ಇಟ್. ಇಟ್ ಮೇಡ್ ಎ ಬಿಗ್ ಹೋಲ್.’ ಭೂತಕಾಲಕ್ಕೆ ಇದಕ್ಕಿಂತ ಸುಲಭದ ದಾರಿ ನಾನು ಕಂಡಿಲ್ಲ. ಗಾಳಿ ಇಲ್ಲದ ಹೊತ್ತಿನಲ್ಲಿ ಮಾಡಿ. ನಮ್ಮ ಕಡೆ ಆಷಾಢದಲ್ಲಂತೂ ಆಗದ ಮಾತು.

ರಾತ್ರಿ ಚಂದ್ರನನ್ನು ನೋಡಿ ಡೈರಿ ಬರೆದು ತನ್ನಿ ಅಂದದ್ದು ಮಾತ್ರ ನಡೆಯಲಿಲ್ಲ. ಒಬ್ಬರು ಬರೆದರೆ ಮಿಕ್ಕವರು ನಕಲು. ಅದರ ಬದಲು ಹುಣ್ಣಿಮೆ ಕಳೆದು ಐದಾರು ದಿನಕ್ಕೆ ಬೆಳಗಿನ ಪ್ರಾರ್ಥನೆ ಹೊತ್ತಲ್ಲಿ ಪಶ್ಚಿಮಕ್ಕೆ ತಿರುಗಿಸಿ. ಚಂದ್ರ ಅಲ್ಲೇ ಇರುತ್ತಾನೆ. ಅಷ್ಟಮಿ, ನವಮಿವರೆಗೆ ಸಿಗುತ್ತಾನೆ. ‘ಟುಡೇ ದ ಮೂನ್ ಈಸ್ ಸ್ಮಾಲರ್’ ಅಂತ ದಿನಕ್ಕೊಬ್ಬರು ಹೇಳಬೇಕು. ಎಲ್ಲರೂ ಕಣ್ಣಾರೆ ನೋಡಿರುತ್ತಾರೆ, ನಕಲಿನ ಪ್ರಶ್ನೆಯೇ ಇಲ್ಲ.

2025ರ ಜೂನ್‌ನಲ್ಲಿ ನಮ್ಮ ಗಗನಯಾತ್ರಿ ಶುಭಾಂಶು ಶುಕ್ಲಾ ಬಾಹ್ಯಾಕಾಶ ನಿಲ್ದಾಣಕ್ಕೆ ಹೋದದ್ದು ನಮಗೆ ಒಳ್ಳೆ ಸಮಯಕ್ಕೆ ಬಂತು. ಶಾಲೆ ಆಗಷ್ಟೇ ಶುರುವಾಗಿತ್ತು. ವರ್ತಮಾನದಲ್ಲಿ ನಡೆಯುತ್ತಿರುವುದನ್ನು ಹೇಳಬೇಕಾದರೆ ನಿಜವಾಗಿ ಏನಾದರೂ ನಡೆಯುತ್ತಿರಬೇಕಲ್ಲ? ಹಿ ಈಸ್ ಸ್ಲೀಪಿಂಗ್, ಹಿ ಈಸ್ ಫ್ಲೋಟಿಂಗ್. ನಿಲ್ದಾಣ ತೊಂಬತ್ತು ನಿಮಿಷಕ್ಕೊಮ್ಮೆ ಭೂಮಿ ಸುತ್ತುತ್ತದೆ. ಗ್ಲೋಬ್ ಮುಂದಿಟ್ಟು ‘ವೇರ್ ಈಸ್ ಹಿ ನೌ?’ ಅಂತ ಕೇಳುವುದೇ ಒಂದು ಆಟವಾಯಿತು. ಧಾರವಾಡದ ಕೃಷಿ ವಿಶ್ವವಿದ್ಯಾಲಯದವರ ಪ್ರಯೋಗಕ್ಕಾಗಿ ಶುಕ್ಲಾ ಅಲ್ಲಿ ಹೆಸರುಕಾಳು, ಮೆಂತ್ಯೆ ಮೊಳಕೆ ಬರಿಸಿದರು. ನಾವೂ ಬಿಸಿಯೂಟದ ಅಡುಗೆಯಮ್ಮನಿಂದ ಒಂದು ಹಿಡಿ ಹೆಸರುಕಾಳು ಈಸಿಕೊಂಡು ಒದ್ದೆ ಬಟ್ಟೆಯಲ್ಲಿ ಕಟ್ಟಿದೆವು. ‘ದೇ ಆರ್ ಗ್ರೋಯಿಂಗ್’ ಅಂತ ಮೂರು ದಿನ ಬರೆದರು, ನಾಲ್ಕನೇ ದಿನ ತಿಂದರು.

ಒಂದು, ಎರಡು, ಮೂರನೇ ತರಗತಿಗೆ ಪೈಪು ಬೇಡ. ಅವರಿಗೆ ಹತ್ತರಿಂದ ಕೆಳಗೆ ಎಣಿಸುವ ಕೌಂಟ್‌ಡೌನ್ ಸಾಕು. ಒನ್ ಟು ತ್ರೀ ಅಂತ ಹಾಡುವ ಮಗುವಿಗೆ ಸಿಕ್ಸ್ ಆದ ಮೇಲೆ ಏನು ಅಂದರೆ ಮತ್ತೆ ಒಂದರಿಂದ ಶುರು ಮಾಡುತ್ತದೆ. ಹಿಂದಕ್ಕೆ ಎಣಿಸಿದಾಗಲೇ ಸಂಖ್ಯೆ ನಿಜವಾಗಿ ಗೊತ್ತಾಗುವುದು.

ಐದನೇ ತರಗತಿಗೆ ಈ ವರ್ಷ ಮಂಗಳ ಶುರು ಮಾಡಿದ್ದೇನೆ. ಅಲ್ಲಿಗೆ ಸಂದೇಶ ಮುಟ್ಟಲು 3 ನಿಮಿಷದಿಂದ 22 ನಿಮಿಷ ಬೇಕು, ಎರಡೂ ಗ್ರಹ ಎಷ್ಟು ದೂರ ಇವೆ ಅನ್ನುವುದರ ಮೇಲೆ. ಹಾಗಾಗಿ ಪೈಪು ಇಲ್ಲ, ಚೀಟಿ ಮಾತ್ರ. ಒಂದು ಪೀರಿಯಡ್‌ಗೆ ಹೋಗುವುದು ಎರಡು ಚೀಟಿ, ಬರುವುದು ಎರಡು. ಮತ್ತೆ ಕೇಳಲು ಆಗುವುದಿಲ್ಲ, ಆದ್ದರಿಂದ ಎಲ್ಲವನ್ನೂ ಒಂದೇ ಚೀಟಿಯಲ್ಲಿ ಬರೆಯಬೇಕು: ಗುಂಡಿ ಇದ್ದರೆ ಹೀಗೆ ಹೋಗು, ಇಲ್ಲದಿದ್ದರೆ ಹಾಗೆ. ‘ಇಫ್ ದೇರ್ ಈಸ್ ಎ ಕ್ರೇಟರ್, ಗೋ ಬ್ಯಾಕ್.’ ಸದ್ಯಕ್ಕೆ ಅರ್ಧ ಜೋಡಿಗಳು ಕಲ್ಲು ಮುಟ್ಟುತ್ತಿವೆ. ಮಿಕ್ಕವರು ಚೀಟಿ ತುಂಬಾ ಉದ್ದ ಬರೆದು ಗಂಟೆ ಹೊಡೆಯುವವರೆಗೂ ಮುಗಿಸುವುದಿಲ್ಲ. ದೀಪಾವಳಿ ಆದ ಮೇಲೆ ಒಂದು ಚೀಟಿಗೆ ಇಪ್ಪತ್ತೇ ಪದ ಅಂತ ಮಿತಿ ಹಾಕಿ ನೋಡಬೇಕು.