ನದಿ ಹುಟ್ಟುವ ಜಾಗವನ್ನು ಕಂಪ್ಯೂಟರ್‌ಗೆ ಕಲಿಸಿದ ಬಗೆ

ಯಾವ ನದಿ ಎಲ್ಲಿ ಹುಟ್ಟುತ್ತದೆ ಎಂಬ ಒಂದೇ ಸಂಬಂಧವನ್ನು ಕನ್ನಡ ವಿಕಿಪೀಡಿಯದಿಂದ ಕಂಪ್ಯೂಟರ್ ತಾನೇ ಹೆಕ್ಕಬೇಕಿತ್ತು. ಬೆಂಗಳೂರಿನ ಸುತ್ತಲ ನೀರಿನ ಮಾಹಿತಿ ಬೇಕಾದ್ದರಿಂದ ನದಿಯನ್ನೇ ಆರಿಸಿಕೊಂಡೆ. ವಿಧಾನ ಹಳೆಯದು: 1998ರಲ್ಲಿ ಗೂಗಲ್ ಸಹಸ್ಥಾಪಕ ಸೆರ್ಗೆ ಬ್ರಿನ್ ಐದು ಪುಸ್ತಕ–ಲೇಖಕ ಜೋಡಿಗಳಿಂದ ಶುರು ಮಾಡಿ ತೋರಿಸಿದ್ದು. ಗೊತ್ತಿರುವ ಜೋಡಿ ಬರುವ ವಾಕ್ಯಗಳಿಂದ ಮಾದರಿ (ವಾಕ್ಯದ ಅಚ್ಚು), ಆ ಮಾದರಿಯಿಂದ ಹೊಸ ಜೋಡಿ. ನಾನು ಬಿತ್ತಿದ್ದೂ ಐದು: ಕಾವೇರಿ–ತಲಕಾವೇರಿ, ಅರ್ಕಾವತಿ–ನಂದಿಬೆಟ್ಟ, ತುಂಗಾ–ಗಂಗಾಮೂಲ, ಶರಾವತಿ–ಅಂಬುತೀರ್ಥ, ವೃಷಭಾವತಿ–ಬಸವನಗುಡಿ.

ಮೊದಲು ಅಕ್ಷರ ಶುದ್ಧಿ. ಅನುಸ್ವಾರದ ಬದಲು ಸೊನ್ನೆ ಅಂಕಿ ಒತ್ತಿ ‘ನ೦ದಿ’ ಎಂದು ಬರೆಯುವವರು ಬಹಳ. ಕಣ್ಣಿಗೆ ‘ನಂದಿ’ಯೇ, ಕಂಪ್ಯೂಟರ್‌ಗೆ ಬೇರೆ ಪದ. ಒಂದೇ ಅಕ್ಷರದ ಬೇರೆ ಬೇರೆ ಸಂಕೇತರೂಪಗಳನ್ನು ಒಂದಾಗಿಸುವ ಯೂನಿಕೋಡಿನ ಎನ್‌ಎಫ್‌ಸಿ ನಿಯಮ ಇದನ್ನು ಮುಟ್ಟುವುದಿಲ್ಲ. ಅಕ್ಷರಗಳ ನಡುವೆ ಸಿಕ್ಕಿದ ಅಂಕಿಯನ್ನು ಅನುಸ್ವಾರವಾಗಿಸುವ ನಿಯಮವನ್ನು ನಾವೇ ಬರೆಯಬೇಕು.

ಆಮೇಲೆ ವಿಭಕ್ತಿ ಕಳಚುವುದು. ಉದ್ದದ ಪ್ರತ್ಯಯ ಮೊದಲು: ‘ಇನಲ್ಲಿ’, ‘ಯಲ್ಲಿ’, ‘ದಲ್ಲಿ’. ‘ಬೆಂಗಳೂರಿನಲ್ಲಿ’ಯಿಂದ ‘ಇನಲ್ಲಿ’ ತೆಗೆದು ‘ಉ’ಕಾರ ಮರಳಿಸಬೇಕು. ಸುಮ್ಮನೆ ‘ಲ್ಲಿ’ ಕತ್ತರಿಸಿದರೆ ‘ದಿಲ್ಲಿ’ ಹೋಗಿ ‘ದಿ’ ಉಳಿಯುತ್ತದೆ.

ನಿಜವಾದ ಕೆಲಸ ಇರುವುದು ಕ್ರಿಯಾಪದದಲ್ಲಿ. ಇಂಗ್ಲಿಷಿನಲ್ಲಿ ಸುಳಿವು ಸಾಮಾನ್ಯವಾಗಿ ಎರಡು ಹೆಸರುಗಳ ನಡುವೆ ಸಿಗುತ್ತದೆ. ‘ಅರ್ಕಾವತಿ ನಂದಿಬೆಟ್ಟದಲ್ಲಿ ಹುಟ್ಟಿ ಕನಕಪುರದ ಬಳಿಯ ಸಂಗಮದಲ್ಲಿ ಕಾವೇರಿಯನ್ನು ಸೇರುತ್ತದೆ’ ಎಂಬಲ್ಲಿ ನಡುವೆ ಏನೂ ಇಲ್ಲ. ಸುಳಿವೆಲ್ಲ ಎರಡನೆಯ ಹೆಸರಿನ ಆಚೆಗೆ. ಆದ್ದರಿಂದ ಆ ಹೆಸರಿನ ಬಲಕ್ಕೆ ಮೂರು ಪದಗಳನ್ನಷ್ಟೇ ನೋಡುವ ಕಿಟಕಿ ಇಟ್ಟು, ‘ಹುಟ್ಟಿ’ಗೆ ತೀರಾ ಹತ್ತಿರದ, ‘ಅಲ್ಲಿ’ ಪ್ರತ್ಯಯವಿರುವ ಪದವನ್ನೇ ಮೂಲವೆಂದು ಹಿಡಿದೆ. ಇಲ್ಲದಿದ್ದರೆ ಸಂಗಮವೂ ಅರ್ಕಾವತಿಯ ಮೂಲವಾಗಿಬಿಡುತ್ತದೆ.

ಸಿಕ್ಕ ಹೊಸ ಜೋಡಿಗಳನ್ನೇ ಬಿತ್ತಿ ಮತ್ತೆ ಹುಡುಕುವ ಎರಡನೇ ಸುತ್ತಿನಲ್ಲಿ ದಾರಿ ತಪ್ಪುವ ಅಪಾಯ ಬರುತ್ತದೆ. ಕಾವೇರಿ, ತುಂಗಾ, ಶರಾವತಿ ಹೆಣ್ಣುಮಕ್ಕಳ ಹೆಸರೂ ಹೌದು. ‘ಕಾವೇರಿ ಮೈಸೂರಿನಲ್ಲಿ ಹುಟ್ಟಿದಳು’ ಒಳಗೆ ಬಂತೆಂದರೆ ಅದರ ಬೆನ್ನಿಗೇ ಊರಿನ ಜನರೆಲ್ಲ ನದಿಗಳಾಗುತ್ತಾರೆ. ಲಿಂಗ ನೋಡಿ ಸೋಸಲು ಹೋದರೆ ‘ಕಾವೇರಿ ಹುಟ್ಟುತ್ತಾಳೆ’ ಎಂದು ಭಕ್ತಿಯಿಂದ ಬರೆದ ಸರಿಯಾದ ವಾಕ್ಯವೂ ಹೋಗುತ್ತದೆ. ಕಾಲ ನೋಡುವುದು ಮೇಲು: ನದಿ ಈಗಲೂ ಹುಟ್ಟುತ್ತಿರುತ್ತದೆ, ಮನುಷ್ಯರು ಹುಟ್ಟಿದ್ದು ಭೂತಕಾಲದಲ್ಲಿ. ‘ಹುಟ್ಟಿ’ ಎಂದಷ್ಟೇ ಇದ್ದರೆ ಕಾಲವನ್ನು ವಾಕ್ಯದ ಕೊನೆಯ ಕ್ರಿಯಾಪದದಿಂದ ಓದಬೇಕು.

ಕನಿಷ್ಠ ಮೂರು ಗೊತ್ತಿರುವ ಜೋಡಿಗಳನ್ನು ತಂದ ಮಾದರಿಯನ್ನಷ್ಟೇ ಉಳಿಸಿಕೊಂಡೆ. ಪ್ರತಿ ಸುತ್ತಿನಲ್ಲಿ ಇಪ್ಪತ್ತು ಹೊಸ ಜೋಡಿ, ಅಷ್ಟನ್ನೂ ಕಣ್ಣಾರೆ ನೋಡಿ ಸೇರಿಸಿದ್ದು. ಒಂದು ನದಿಗೆ ಎರಡು ಮೂಲ ಬಂದರೆ ಮಾದರಿಯ ಅಂಕ ಕಡಿತ. ಆದರೆ ನಂದಿಬೆಟ್ಟ, ನಂದಿ ಬೆಟ್ಟ, ನಂದಿದುರ್ಗ ಒಂದೇ ಎಂದು ಮೊದಲೇ ಪಟ್ಟಿಯಲ್ಲಿ ಹೇಳದಿದ್ದರೆ ಒಳ್ಳೆಯ ಮಾದರಿಗಳೇ ಸಾಯುತ್ತವೆ.

‘ತುಂಗಾ, ಭದ್ರಾ, ನೇತ್ರಾವತಿ ಗಂಗಾಮೂಲದಲ್ಲಿ ಹುಟ್ಟುತ್ತವೆ’ ಎಂಬಂಥ ವಾಕ್ಯಕ್ಕೆ ಪ್ರತ್ಯೇಕ ನಿಯಮ ಬೇಕು. ಕೊನೆಯಲ್ಲಿ ‘ತ್ತವೆ’ ಕಂಡರೆ ಅಲ್ಪವಿರಾಮಗಳಲ್ಲಿ ಸೀಳಿ ಮೂರು ಜೋಡಿ ಮಾಡಿ. ಮಾಡದಿದ್ದರೆ ದಕ್ಕುವುದು ನೇತ್ರಾವತಿ ಮಾತ್ರ.