ಎಣ್ಣೆ ಹಣೆಗೆ ಬೊಟ್ಟು ನಿಲ್ಲುವುದಿಲ್ಲ

"ತಮ್ಮಾ, ನಿನ್ನ ಅಂಗಿಯ ಗುಂಡಿ ಬಿದ್ದಿದೆ ನೋಡು" ಎಂದು ಮಾನ್ವಿಯಲ್ಲಿ ಇಳಿಯುತ್ತಿದ್ದ ಅಜ್ಜಿಯೊಬ್ಬರು ನನ್ನ ಅಂಗೈಯಲ್ಲಿ ಇಟ್ಟದ್ದು ಗುಂಡಿಯಾಗಿರಲಿಲ್ಲ. ನಾಲ್ಕು ಸಾವಿರಕ್ಕೂ ಮೇಲೆ ಕೊಟ್ಟು ತೋಳಿಗೆ ಹಾಕಿಸಿಕೊಂಡಿದ್ದ ಗ್ಲೂಕೋಸ್ ಸೆನ್ಸರ್ ಅದು, ಚರ್ಮಕ್ಕೆ ಚುಚ್ಚಿ ಅಂಟಿಕೊಂಡು ಮೈಯ ಸಕ್ಕರೆ ಮಟ್ಟ ತೋರಿಸುತ್ತಿರುವ ಪುಟ್ಟ ಬಿಲ್ಲೆ. 14 ದಿನ ಇರಬೇಕಾದದ್ದು ಮೂರನೆಯ ದಿನಕ್ಕೇ ಸೀಟಿನ ಕೆಳಗೆ ಬಿದ್ದಿತ್ತು. ಒಮ್ಮೆ ಕಿತ್ತು ಬಂದದ್ದನ್ನು ಮತ್ತೆ ಚುಚ್ಚಿಕೊಳ್ಳಲು ಬರುವುದಿಲ್ಲ.

ನಾನು ರಾಯಚೂರು–ಸಿಂಧನೂರು ಬಸ್ಸಿನ ನಿರ್ವಾಹಕ, ಟೈಪ್ 1 ಮಧುಮೇಹಿ. 2023ರ ಜೂನ್‌ನಲ್ಲಿ ಶಕ್ತಿ ಯೋಜನೆ ಬಂದ ಮೇಲೆ ನಮ್ಮ ಬಸ್ಸಿನಲ್ಲಿ ಕಾಲಿಡಲು ಜಾಗವಿಲ್ಲ. ಬೇಸಿಗೆಯಲ್ಲಿ 40 ಡಿಗ್ರಿ ದಾಟುವ ಬಿಸಿಲು ಬೇರೆ. ಹಾಗಾಗಿ ಮೊದಲು ಬೆವರನ್ನೇ ದೂರಿದೆ. ಔಷಧ ಅಂಗಡಿಯಲ್ಲಿ ಸಿಕ್ಕ ಪಟ್ಟಿಗಳನ್ನೆಲ್ಲ ಒಂದರ ಮೇಲೊಂದು ಸುತ್ತಿದೆ. ಮುಂದಿನ ಸೆನ್ಸರ್ ಆ ಪಟ್ಟಿಗಳ ಸಮೇತ ಬಿತ್ತು.

ಗುಟ್ಟು ಹಿಡಿದವಳು ನನ್ನ ಹೆಂಡತಿ. ದಿನವೂ ಸ್ನಾನವಾದ ಮೇಲೆ ಕೈಕಾಲಿಗೆ ಕೊಬ್ಬರಿ ಎಣ್ಣೆ ಸವರಿಕೊಳ್ಳುವುದು ನನಗೆ ಚಿಕ್ಕಂದಿನಿಂದ ಬಂದ ಅಭ್ಯಾಸ. "ಎಣ್ಣೆ ಹಣೆಗೆ ಸ್ಟಿಕ್ಕರ್ ಬೊಟ್ಟು ನಿಲ್ಲುತ್ತದೆಯೇನ್ರೀ?" ಎಂದಳು. ನಾನು ಮೇಲಿನ ಪಟ್ಟಿಯ ಬಗ್ಗೆ ತಲೆ ಕೆಡಿಸಿಕೊಂಡಿದ್ದೆ, ಕೆಳಗಿನ ಚರ್ಮವನ್ನು ನೋಡಿಯೇ ಇರಲಿಲ್ಲ.

ಈಗ ಸೆನ್ಸರ್ ಹಾಕುವ ಹಿಂದಿನ ದಿನದಿಂದಲೇ ಆ ತೋಳಿಗೆ ಎಣ್ಣೆ, ಪೌಡರ್ ಎರಡೂ ಬಂದ್. ಪರಿಮಳವಿಲ್ಲದ ಸಾದಾ ಸಾಬೂನಿನಿಂದ ತೊಳೆದು, ಕೂದಲು ಬೋಳಿಸಿ, ಸ್ಪಿರಿಟ್ ಹತ್ತಿಯಿಂದ ಒರೆಸುತ್ತೇನೆ. ಆಮೇಲೆ ಫ್ಯಾನಿನ ಕೆಳಗೆ ಸುಮ್ಮನೆ ಕೂರುತ್ತೇನೆ. ಅವಸರದಲ್ಲಿ ಬಿಟ್ಟುಬಿಡುವ ಹಂತ ಇದೇ. ಸ್ಪಿರಿಟ್ ಆರದೆ ಅಂಟಿಸಿದರೆ ಅಂಟು ಕಚ್ಚುವುದಿಲ್ಲ, ಚರ್ಮವೂ ಉರಿಯುತ್ತದೆ. ಹಾಕಿದ ಮೇಲೆ ಅಂಚನ್ನು ಸುತ್ತಲೂ ಬೆರಳಿನಿಂದ ಒತ್ತಿ ಹಿಡಿಯುತ್ತೇನೆ. ಇದೆಲ್ಲ ಸಂಜೆ, ಡ್ಯೂಟಿ ಮುಗಿಸಿ, ಸ್ನಾನ ಮಾಡಿದ ಮೇಲೆ. ಅಂಟು ಕೂರಲು ಒಂದು ರಾತ್ರಿ ಸಿಗುತ್ತದೆ. ರೀಡಿಂಗ್ ಶುರುವಾಗಲು ಬೇಕಾದ 60 ನಿಮಿಷವೂ ಮನೆಯಲ್ಲೇ ಕಳೆಯುತ್ತದೆ.

ಜಾಗದ ವಿಷಯವೂ ಇದೆ. ತೋಳಿನ ಹಿಂಭಾಗದಲ್ಲಿಯೇ, ಆದರೆ ಮೈಯ ಕಡೆಗೆ ಸ್ವಲ್ಪ ಸರಿಸಿ ಹಾಕಿಕೊಳ್ಳುತ್ತೇನೆ. ಹೊರಬದಿಗಿದ್ದರೆ ಸೀಟಿನ ಸರಳಿಗೆ ತಾಗುವುದು ಖಚಿತ. ಕೈ ಎತ್ತಿ ಇಳಿಸಿ, ಚರ್ಮ ಮಡಿಚಿಕೊಳ್ಳದ ಕಡೆ ಪೆನ್ನಿನಿಂದ ಗುರುತು ಹಾಕುವ ಕೆಲಸ ಹೆಂಡತಿಯದು. ಖಾಕಿ ಅಂಗಿಯ ತೋಳನ್ನೂ ದರ್ಜಿಯ ಬಳಿ ಒಂದು ಇಂಚು ಸಡಿಲ ಮಾಡಿಸಿದೆ. ಪಟ್ಟಿಯ ಅಂಚನ್ನು ದಿನವಿಡೀ ಎಬ್ಬಿಸುತ್ತಿದ್ದದ್ದು ಜನರಲ್ಲ, ಆ ಬಿಗಿ ಹೊಲಿಗೆಯೇ ಎಂದು ತಿಳಿದದ್ದು ಆಮೇಲೆ.

ಮೇಲಿನ ಪಟ್ಟಿಯನ್ನು ಪೂರ್ತಿ ಬಿಟ್ಟಿಲ್ಲ. ಆಟಗಾರರು ಮಂಡಿಗೆ ಅಂಟಿಸಿಕೊಳ್ಳುವ ಹಿಗ್ಗುವ ಬಟ್ಟೆಯ ಟೇಪು, ಒಂದೇ ಪದರ. ಮೂಲೆಗಳನ್ನು ದುಂಡಗೆ ಕತ್ತರಿಸುತ್ತೇನೆ. ಚೂಪು ಮೂಲೆ ಮೊದಲು ಏಳುತ್ತದೆ. ನನ್ನ ಸೆನ್ಸರಿನ ನಡುವೆ ಪುಟ್ಟ ರಂಧ್ರವಿದೆ, ಅದು ಮುಚ್ಚಬಾರದು. ಅದಕ್ಕೆ ಟೇಪಿನ ಮಧ್ಯೆಯೂ ತೂತು. ಟೇಪನ್ನು ಎಳೆದು ಅಂಟಿಸಬಾರದು, ಎಳೆದದ್ದು ಹಿಂದಕ್ಕೆ ಜಗ್ಗುತ್ತದೆ. ಎದ್ದ ಅಂಚನ್ನು ಕೀಳದೆ ಕತ್ತರಿಯಿಂದ ಸವರಿಬಿಡುತ್ತೇನೆ. ಡಿಪೋದಲ್ಲಿ ಒಬ್ಬರು ಫೆವಿಕ್ವಿಕ್ ಹಾಕು ಎಂದರು. ಅದು ಹರಿದ ಚಪ್ಪಲಿಗೆ ಸರಿ.

ಆ ತೋಳಿನ ಮೇಲೆ ಮಲಗಿದ ರಾತ್ರಿ ಮಾತ್ರ ಈಗಲೂ ಸಕ್ಕರೆ ಇಳಿದಿದೆ ಎಂಬ ಸುಳ್ಳು ಅಲಾರಾಂ ಬರುತ್ತದೆ. ಒತ್ತಡಕ್ಕೆ ರೀಡಿಂಗ್ ಕುಸಿಯುತ್ತದೆ. ಹೆಂಡತಿ ಸಕ್ಕರೆ ಡಬ್ಬಿ ಹಿಡಿದು ನಿಂತಿರುತ್ತಾಳೆ, ನಾನು ಬೆರಳು ಚುಚ್ಚಿ ನೋಡಿದರೆ 118, ಇಳಿದೇ ಇರುವುದಿಲ್ಲ.

ಹದಿನಾಲ್ಕನೆಯ ದಿನ ತೆಗೆಯುವಾಗ ಅಂಚಿಗೆ ಕೊಬ್ಬರಿ ಎಣ್ಣೆ ಸವರಿ ಹತ್ತು ನಿಮಿಷ ಬಿಡುತ್ತೇನೆ, ಚರ್ಮಕ್ಕೆ ಸಮನಾಗಿ ನಿಧಾನಕ್ಕೆ ಬಿಡಿಸುತ್ತೇನೆ. ಮುಂದಿನದು ಇನ್ನೊಂದು ತೋಳಿಗೆ.