ಓದಲು ಬಾರದ ಕಾಗದಗಳು: ಒಂದು ಜಪಾನಿ ಕುಟುಂಬದ ಪೆಟ್ಟಿಗೆ ಉಳಿಸಿದ ನನ್ನ ಅನುಭವ

ಜಪಾನಿನಿಂದ ಅಮೆರಿಕಕ್ಕೆ ಬಂದು ನೆಲೆಸಿದವರ ಮನೆಯಲ್ಲಿ ಹಳೇ ಕಾಗದ ಸಿಕ್ಕಿತು ಅಂದರೆ ಅದೇ ದೊಡ್ಡದು. 1941ರ ಡಿಸೆಂಬರ್ 7ರಂದು ಅಮೆರಿಕದ ನೌಕಾನೆಲೆ ಪರ್ಲ್ ಹಾರ್ಬರ್ ಮೇಲೆ ಜಪಾನ್ ದಾಳಿ ಮಾಡಿತು. ಅಮೆರಿಕದ ತನಿಖಾ ಸಂಸ್ಥೆ ಎಫ್‌ಬಿಐನವರು ಬಂದು ಮನೆ ಜಾಲಾಡುತ್ತಾರೆ ಎಂಬ ಭಯಕ್ಕೆ ಎಷ್ಟೋ ಜನ ಜಪಾನಿ ಪತ್ರ, ಪುಸ್ತಕ, ಫೋಟೋಗಳನ್ನು ತಾವೇ ಸುಟ್ಟುಹಾಕಿದರು. 1942ರಲ್ಲಿ ಅಮೆರಿಕ ಸರ್ಕಾರ ಜಪಾನಿ ಮೂಲದ ಸುಮಾರು 1,20,000 ಜನರನ್ನು ಮನೆ ಬಿಡಿಸಿ ಬಂಧನ ಶಿಬಿರಗಳಿಗೆ ಸಾಗಿಸಿದಾಗ, ಕೈಯಲ್ಲಿ ಹೊರುವಷ್ಟು ಸಾಮಾನಿಗೆ ಮಾತ್ರ ಅವಕಾಶವಿತ್ತು. ಇಷ್ಟೆಲ್ಲ ದಾಟಿ ಉಳಿದದ್ದು ಈಗ ಮೊಮ್ಮಕ್ಕಳ ಗ್ಯಾರೇಜಿನಲ್ಲಿದೆ. ಅವರಲ್ಲಿ ಹೆಚ್ಚಿನವರಿಗೆ ಅದನ್ನು ಓದಲು ಬರುವುದಿಲ್ಲ. ಹಾಗಾಗಿ ಮನೆ ಖಾಲಿ ಮಾಡುವಾಗ ಮೊದಲು ಕಸಕ್ಕೆ ಹೋಗುವುದೂ ಅದೇ.

ನಾನಿರುವುದು ಕ್ಯಾಲಿಫೋರ್ನಿಯಾದ ಸ್ಯಾನ್ ಹೋಸೆಯಲ್ಲಿ. ಹಳೇ ಕಾಗದಪತ್ರ ಕಾಪಾಡುವುದು ನನ್ನ ಕೆಲಸ. ಇಲ್ಲಿನ ಜಪಾನ್‌ಟೌನಿನ ಹಿರಿಯ ಮಹಿಳೆಯೊಬ್ಬರು ತಮ್ಮ ಅಜ್ಜ ಅಜ್ಜಿಯ ಪೆಟ್ಟಿಗೆ ನೋಡಿಕೊಡಲು ಕರೆದರು. ನಾನು ಹೋದಾಗ ಇಂಗ್ಲಿಷ್ ಕಾಗದ ಒಂದು ರಾಶಿ, ಜಪಾನಿ ಒಂದು ರಾಶಿ ಅಂತ ವಿಂಗಡಿಸಲು ಕೂತಿದ್ದರು. ‘ಸದ್ಯಕ್ಕೆ ಯಾವುದನ್ನೂ ಬೇರೆ ಮಾಡಬೇಡಿ’ ಅಂದೆ. ಈ ಕೆಲಸದಲ್ಲಿ ನನಗೆ ಎಲ್ಲಕ್ಕಿಂತ ಮುಖ್ಯ ಅನಿಸುವುದು ಇದೇ. ಯಾವ ಕಾಗದ ಯಾವುದರ ಜೊತೆಗಿತ್ತು ಅನ್ನುವುದು ಒಮ್ಮೆ ಕಳೆದುಹೋದರೆ ಮತ್ತೆ ಸಿಗುವುದಿಲ್ಲ.

ಮೊದಲು ಪೆಟ್ಟಿಗೆಯನ್ನು ಪದರ ಪದರವಾಗಿ ಫೋನಿನಲ್ಲಿ ಫೋಟೋ ತೆಗೆದೆ. ಆಮೇಲೆ ಒಂದೊಂದು ಕಟ್ಟಿಗೂ ಒಂದು ನಂಬರು. ಬರೆಯುವುದು ಪೆನ್ಸಿಲಿನಲ್ಲಿ ಮಾತ್ರ. ಒಂದು ಕಟ್ಟಿನಲ್ಲಿ 1943ರ ಲಕೋಟೆಯಿತ್ತು. ನ್ಯೂ ಮೆಕ್ಸಿಕೋದ ಸಾಂಟಾ ಫೆಯಿಂದ ಬಂದದ್ದು. ಅದರ ಮೇಲೆ ‘ಬಂಧನದಲ್ಲಿರುವ ಶತ್ರುದೇಶದವರ ಅಂಚೆ, ಪರಿಶೀಲಿಸಿದೆ’ ಎಂಬ ಅರ್ಥದ ಇಂಗ್ಲಿಷ್ ಮುದ್ರೆ. ಅಂದರೆ ಅಜ್ಜನನ್ನು ಅಮೆರಿಕದ ನ್ಯಾಯ ಇಲಾಖೆಯ ಬೇರೊಂದು ಶಿಬಿರದಲ್ಲಿ ಇಟ್ಟಿದ್ದರು. ಅಜ್ಜಿ ಮಕ್ಕಳು ವಯೋಮಿಂಗಿನ ಹಾರ್ಟ್ ಮೌಂಟನ್ ಶಿಬಿರದಲ್ಲಿದ್ದರು. ಇದು ಮೊಮ್ಮಗಳಿಗೇ ಗೊತ್ತಿರಲಿಲ್ಲ. ಒಳಗಿನ ಜಪಾನಿ ಪತ್ರ ಒಂದು ರಾಶಿಗೆ, ಲಕೋಟೆ ಇನ್ನೊಂದಕ್ಕೆ ಹೋಗಿದ್ದರೆ ಯಾರಿಗೂ ತಿಳಿಯುತ್ತಿರಲಿಲ್ಲ ಅಲ್ವಾ?

ಕಾಗದದ ಗುಣವೂ ನೋಡಬೇಕು. ಊರಿನಿಂದ ಬಂದ ಹಳೇ ಪತ್ರಗಳು ಕೋಜೋ ಗಿಡದ ನಾರಿನ ಕಾಗದದ ಮೇಲಿದ್ದವು. ನೂರು ವರ್ಷ ದಾಟಿದರೂ ಮಡಿಸಿದ ಕಡೆ ಹರಿದಿಲ್ಲ. ಶಿಬಿರದ ಸೈಕ್ಲೋಸ್ಟೈಲ್ ಪ್ರಕಟಣೆಗಳು ಅವಕ್ಕಿಂತ ಎಷ್ಟೋ ಈಚಿನವು. ಆದರೂ ಅಂಚು ಮುಟ್ಟಿದರೆ ಹಪ್ಪಳದ ಹಾಗೆ ಮುರಿಯುತ್ತಿತ್ತು. ಆಮ್ಲ ಜಾಸ್ತಿ ಇರುವ ಅಗ್ಗದ ಕಾಗದ ಅದು. ಪಕ್ಕದ ಹಾಳೆಗೂ ಕಂದು ಬಣ್ಣ ಹತ್ತಿಸುತ್ತದೆ. ಅಂಥವನ್ನು ಆಮ್ಲವಿಲ್ಲದ ಫೋಲ್ಡರಿನಲ್ಲಿಟ್ಟು ನಡುವೆ ಹಾಳೆ ಕೊಟ್ಟೆ. ತುಕ್ಕು ಹಿಡಿದ ಪಿನ್ನು, ಕ್ಲಿಪ್ಪುಗಳನ್ನು ನಿಧಾನಕ್ಕೆ ಬಿಡಿಸಿದೆ. ಹರಿದ ಕಡೆ ತೆಳು ಜಪಾನಿ ಕಾಗದ, ಗೋಧಿ ಪಿಷ್ಟದ ಅಂಟು. ಬೇಕೆಂದಾಗ ನೀರು ಸೋಕಿಸಿ ಬಿಡಿಸಬಹುದು. ಸೆಲೋಟೇಪು ಮತ್ತು ಲ್ಯಾಮಿನೇಶನ್ ಬೇಡವೇ ಬೇಡ. ಗ್ಯಾರೇಜು, ಅಟ್ಟ ಕೂಡ ಬೇಡ. ಮನೆಯೊಳಗೆ ತಂಪಾದ, ಒಣಗಿದ ಕಪಾಟು ಸಾಕು.

ಕಪ್ಪು ಹಾಳೆಯ ಆಲ್ಬಮ್ಮಿನ ಪುಟಗಳನ್ನು ಬಿಡಿ ಮಾಡಲೇ ಇಲ್ಲ. ಪುಟಪುಟವೂ ಹಾಗೇ ಸ್ಕ್ಯಾನ್ ಆಯಿತು. ಮೂಲೆಗಳಿಗೆ ಸಿಕ್ಕಿಸಿದ ಫೋಟೋಗಳನ್ನು ಮಾತ್ರ ಕೈಗವಸು ಹಾಕಿ ತೆಗೆದು, ಹಿಂಬದಿಯನ್ನೂ 600 ಡಿಪಿಐನಲ್ಲಿ ಸ್ಕ್ಯಾನ್ ಮಾಡಿ ಅದೇ ಜಾಗದಲ್ಲಿಟ್ಟೆ. ಹಿಂಬದಿಯಲ್ಲೇ ತಾರೀಖು ಇರುತ್ತದೆ, ಅದೂ ಚಕ್ರವರ್ತಿಯ ಆಳ್ವಿಕೆಯ ಲೆಕ್ಕದಲ್ಲಿ. ಮೇಜಿ ವರ್ಷಕ್ಕೆ 1867, ತೈಶೋಗೆ 1911, ಶೋವಾಗೆ 1925 ಕೂಡಿಸಿದರೆ ನಮ್ಮ ಇಸವಿ. ಮದುವೆಗೆ ಮುಂಚೆ ಅಜ್ಜಿ ಕಳಿಸಿದ್ದ ಫೋಟೋದ ಹಿಂದೆ ತೈಶೋ 6 ಎಂದಿತ್ತು. ಅಂದರೆ 1917. ವರನ ಮುಖ ನೋಡದೆ, ಬರೀ ಫೋಟೋ ನಂಬಿ ಸಮುದ್ರ ದಾಟಿ ಬಂದ ಸಾವಿರಾರು ಹೆಣ್ಣುಮಕ್ಕಳಲ್ಲಿ ಆಕೆಯೂ ಒಬ್ಬರು. ಆ ಫೋಟೋ ಕೈಯಲ್ಲಿ ಹಿಡಿದಾಗ ನನಗೆ ಮಾತೇ ಹೊರಡಲಿಲ್ಲ.

ಓದಿಸುವುದು ಎಲ್ಲಕ್ಕಿಂತ ಕಷ್ಟದ ಕೆಲಸ. ಕುಂಚದಲ್ಲಿ ಬರೆದ ಕೂಡು ಬರಹ ಇವತ್ತಿನ ಜಪಾನಿಗಳಿಗೂ ಸುಲಭವಲ್ಲ. 1946ರಲ್ಲಿ ಲಿಪಿ ಸುಧಾರಣೆಯಾದ ಮೇಲೆ ಕಲಿತವರಿಗೆ ಕಾಗುಣಿತವೂ ಬೇರೆ. ಬೌದ್ಧ ದೇವಾಲಯಕ್ಕೆ ಬರುವ ವಯಸ್ಸಾದ ಮೇಷ್ಟ್ರೊಬ್ಬರು ಒಪ್ಪಿದರು. ಪತ್ರಗಳ ಪ್ರತಿ ಮಾತ್ರ ಅವರಿಗೆ ಕೊಟ್ಟೆ, ಮೂಲ ಮನೆಯಲ್ಲೇ ಇತ್ತು. ಅವರು ಗಟ್ಟಿಯಾಗಿ ಓದುತ್ತಾ ಹೋದರು, ನಾವು ರೆಕಾರ್ಡ್ ಮಾಡಿಕೊಂಡೆವು. ಯಾವ ಅಕ್ಷರಕ್ಕೆ ತಡವರಿಸಿದರು ಅನ್ನುವುದೂ ಅದರಲ್ಲಿದೆ. ಮುಂದೆ ಓದುವವರಿಗೆ ಅದು ಬೇಕಾಗುತ್ತದೆ.

ಮೂಲ ಕಾಗದವನ್ನು ಕೈಬಿಡಲು ಮನಸ್ಸಿಲ್ಲದವರಿಗೆ ಜಪಾನಿ ಅಮೆರಿಕನ್ನರ ಇತಿಹಾಸ ಕಾಪಾಡುವ ಸಿಯಾಟಲಿನ ಡೆನ್ಶೋ ಸಂಸ್ಥೆ ಒಳ್ಳೆಯ ದಾರಿ. ಅವರು ಡಿಜಿಟಲ್ ಪ್ರತಿ ಮಾಡಿಕೊಂಡು ಮೂಲವನ್ನು ವಾಪಸ್ ಕೊಡುತ್ತಾರೆ. ಶಿಬಿರದಲ್ಲಿದ್ದ ಒಬ್ಬೊಬ್ಬರ ಸರ್ಕಾರಿ ಕಡತ ವಾಷಿಂಗ್ಟನ್ನಿನ ರಾಷ್ಟ್ರೀಯ ಪತ್ರಾಗಾರದಲ್ಲಿದೆ. ಮನೆಯವರು ಕೇಳಿದರೆ ಪ್ರತಿ ಸಿಗುತ್ತದೆ. ಇವರೂ ತರಿಸಿದರು. ಅದರಲ್ಲಿ 1943ರ ನಿಷ್ಠೆಯ ಪ್ರಶ್ನಾವಳಿ ಇತ್ತು. ಅದರ 27 ಮತ್ತು 28ನೇ ಪ್ರಶ್ನೆ ಅಮೆರಿಕದ ಸೇನೆಗೆ ಸೇವೆ ಮಾಡುತ್ತೀರಾ, ಅಮೆರಿಕಕ್ಕೆ ನಿಷ್ಠರಾಗಿರುತ್ತೀರಾ ಅಂತ ಕೇಳುತ್ತಿದ್ದವು. ಅವಕ್ಕೆ ಕೊಟ್ಟ ಉತ್ತರದಿಂದ ಅಣ್ಣ ತಮ್ಮಂದಿರ ನಡುವೆಯೇ ಮಾತು ಬಿಟ್ಟುಹೋದ ಮನೆಗಳಿವೆ. ಅಜ್ಜಿಯ ಮಗಳೊಬ್ಬರು ಇನ್ನೂ ಬದುಕಿದ್ದಾರೆ. ಅವರನ್ನು ಕೇಳದೆ ಆ ಕಡತವನ್ನು ಎಲ್ಲಿಗೂ ಕೊಡಬಾರದು ಅಂತ ಪಟ್ಟಿಯಲ್ಲೇ ಬರೆದಿಟ್ಟಿದ್ದೇವೆ.